ಗುಲಗಂಜಿಯಷ್ಟೂ ವಾಲದವರು

ನಮ್ಮ ಭಾವನವರು ಯಾವ ಅಂಗಡಿಗೆ ಕಾಲಿಟ್ಟರೂ ಅಂಗಡಿಯವನ ಮುಖ ನೋಡುವವರಲ್ಲ. ಮೊದಲು ತಕ್ಕಡಿಯ ಮುಖ ನೋಡುವವರು. ನಿವೃತ್ತರಾಗಿ ಹನ್ನೊಂದು ವರ್ಷ ಸಂದಿವೆ, ಅಧಿಕಾರದ ಒಂದು ಚೂರು ಕಾಗದವೂ ಕೈಯಲ್ಲಿ ಉಳಿದಿಲ್ಲ, ಆದರೂ ಕಾಲು ಕಿಲೋ ಸಕ್ಕರೆಗೆಂದು ಹೋದವರು ಮೇಜಿನ ಮೇಲೆ ಎರಡು ಬೆರಳೂರಿ, ಕತ್ತನ್ನು ಕೊಂಚ ಓರೆ ಮಾಡಿ, "ಮೊದ್ಲು ಖಾಲಿ ತಕ್ಕಡಿ ತೋರ್ಸು" ಎನ್ನುತ್ತಾರೆ. ಹಳೆಯ ತಕ್ಕಡಿಗಳೆಲ್ಲ ಮಾಯವಾಗಿ ಅಂಕಿ ಮಿನುಗುವ ಯಂತ್ರಗಳು ಬಂದ ಮೇಲೂ ಅವರ ಆ ವಾಕ್ಯ ಬದಲಾಗಲಿಲ್ಲ. ಲೋಕದ ಜನಕ್ಕೆ ಸಿಟ್ಟು ಬಂದರೆ ದನಿ ಏರುತ್ತದೆ, ಭಾವನವರಿಗೆ ಇಳಿಯುತ್ತದೆ. ಸಿಟ್ಟು ನೆತ್ತಿಗೇರಿದಾಗ ಅವರು ಬರೀ ಪಿಸುಗುಟ್ಟುತ್ತಾರೆ, ಆ ಪಿಸುಮಾತಿಗೆ ಬೆವರಿದ ವರ್ತಕರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿದ್ದರು. ಸರ್ಕಾರಿ ಮೊಹರಿನ ಕಬ್ಬಿಣದ ತೂಕದ ಬಟ್ಟುಗಳನ್ನು ತುಂಬಿದ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಸಂತೆ, ಪೇಟೆ, ಗೋದಾಮುಗಳನ್ನು ಸುತ್ತಿ ಸುತ್ತಿ, ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದುಬಿಟ್ಟಿತು; ಪೆಟ್ಟಿಗೆ ಇಲಾಖೆಗೆ ಮರಳಿದರೂ ನಡಿಗೆಯ ವಾಲು ಅವರಲ್ಲೇ ಉಳಿಯಿತು. ಬೇಸಿಗೆಯಲ್ಲೂ ಬಿಡದ ಒಂದು ಬೂದುಬಣ್ಣದ ಕೋಟು. ಅದರ ಬಲಜೇಬಿನಲ್ಲಿ, ಮಖಮಲ್ಲಿನ ಗುಳಿಗಳಲ್ಲಿ ಮಲಗಿದ ಪುಟ್ಟ ಹಿತ್ತಾಳೆ ಬಟ್ಟುಗಳ ಒಂದು ಡಬ್ಬಿ. ಆ ಭಾರಕ್ಕೆ ಜೇಬು ಹರಿಯುವುದು, ಅಕ್ಕ ಹೊಲಿಯುವುದು, ಮತ್ತೆ ಹರಿಯುವುದು, ಹೀಗೇ ಅವರ ದಾಂಪತ್ಯ ಸಾಗಿಬಂದಿತ್ತು. ಅಕ್ಕ ಅಂದರೆ ನನ್ನ ಒಡಹುಟ್ಟಿದ ಅಕ್ಕ. ನಲವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದ್ದಾಳೆ ಎಂದರೆ ಅವಳ ತಾಳ್ಮೆ ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ.

ಅವರ ಬೀಳ್ಕೊಡುಗೆಯ ದಿನ ವರ್ತಕರ ಸಂಘದವರು ಒಂದು ಹಿತ್ತಾಳೆ ತಕ್ಕಡಿಯನ್ನು ಕಾಣಿಕೆಯಾಗಿ ಕೊಟ್ಟರು. ಪೀಡೆ ತೊಲಗಿತೆಂಬ ಸಂತೋಷವೂ ನಿಜವಾದ ಗೌರವವೂ ಆ ಕಾಣಿಕೆಯಲ್ಲಿ ಎಷ್ಟೆಷ್ಟು ಪಾಲಿನಲ್ಲಿ ಬೆರೆತಿದ್ದವೋ ನಾನರಿಯೆ. ತೇಗದ ಪೀಠ, ನಡುವೆ ನೆಟ್ಟ ಕಂಬ, ತೆಳು ಸರಪಳಿಗಳಲ್ಲಿ ತೂಗುವ ಎರಡು ತಟ್ಟೆಗಳು. ಪೀಠಕ್ಕೆ ಮೊಳೆ ಹೊಡೆದರೆ ಮರ ಸೀಳೀತೆಂದು ಕೆತ್ತನೆಯವನು ಪ್ರಶಂಸೆಯ ಫಲಕವನ್ನು ಬಲಗಡೆಯ ತಟ್ಟೆಯ ಅಂಚಿಗೇ ಕೂಡಿಸಿದ್ದ. ಬೆಂಕಿಪೆಟ್ಟಿಗೆಯಗಲದ ಆ ಫಲಕದ ಮೇಲೆ, "ಗುಲಗಂಜಿಯಷ್ಟೂ ವಾಲದವರಿಗೆ" ಎಂಬ ಎರಡೇ ಪದಗಳು. ಭಾವನವರು ತಕ್ಕಡಿಯ ಅಡ್ಡ ದಂಡಿಗೆ ಅಲುಗದಂತೆ ದಾರ ಬಿಗಿದು ಅದನ್ನು ಶೋಕೇಸಿನಲ್ಲಿಟ್ಟು, ಫಲಕವನ್ನು ವಾರಕ್ಕೊಮ್ಮೆ ನಿಂಬೆಸಿಪ್ಪೆಯಿಂದ ತಿಕ್ಕಿ ಹೊಳಪೇರಿಸುತ್ತಿದ್ದರು. ಮನೆಗೆ ಬಂದವರು ಓದದೇ ಹೋದರೆ, ಬೆಳಕು ಸಾಲದೇನೋ ಎಂಬಂತೆ ಎದ್ದು ದೀಪ ಹಾಕುತ್ತಿದ್ದರು.

ಇಂಥ ಮನೆಗೆ ಆ ಬೀಗಲ್ ನಾಯಿ ಬಂದದ್ದು ಮೂರೂವರೆ ವರ್ಷದ ಹಿಂದೆ. ಭಾವನವರ ಗೆಳೆಯರೊಬ್ಬರು ಸುಂಕದ ಇಲಾಖೆಯಲ್ಲಿದ್ದರು. ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಬಚ್ಚಿಟ್ಟ ಸರಕನ್ನು ಮೂಸಿ ಹಿಡಿಯಲೆಂದು ಅಲ್ಲಿ ಬೀಗಲ್‌ಗಳನ್ನು ತರಬೇತುಗೊಳಿಸುತ್ತಾರೆ. ಈ ನಾಯಿ ಮೂಗಿನಲ್ಲಿ ತರಗತಿಗೇ ಮೊದಲಿಗ. ಬಚ್ಚಿಟ್ಟ ಮಾಂಸವನ್ನಾಗಲಿ ಹಣ್ಣನ್ನಾಗಲಿ ಉಳಿದವುಗಳಿಗಿಂತ ಬೇಗ ಪತ್ತೆ ಮಾಡುತ್ತಿತ್ತು. ಆಮೇಲೆ ಅಧಿಕಾರಿಗಳು ಬರುವಷ್ಟರಲ್ಲಿ ಪತ್ತೆಯಾದ ಮಾಲನ್ನು ತಿಂದು ಮುಗಿಸುತ್ತಿತ್ತು. ಮೂರು ಸಲ ಕ್ಷಮಿಸಿ ನಾಲ್ಕನೆಯ ಸಲ ಹೊರಗೆ ಹಾಕಿದರು. ಕಥೆ ಕೇಳಿ ಭಾವನವರು ಕೆರಳಿದರು. "ಇಷ್ಟು ಒಳ್ಳೆ ಮೂಗು ಇಟ್ಕೊಂಡು ಬಾಯಿ ಹಿಡಿತದಲ್ಲಿಲ್ಲ ಅಂದ್ರೆ ಏನ್ರೀ ಅರ್ಥ! ತಗೊಂಬನ್ನಿ ಇಲ್ಲಿಗೆ. ಅಳತೆ ಅಂದ್ರೇನು ಅಂತ ನಾನು ಕಲಿಸ್ತೀನಿ" ಎಂದು ನನ್ನೆದುರೇ ಪಿಸುಗುಟ್ಟಿದರು. ಬೀದಿಯವರು ಅವರನ್ನು ತಕ್ಕಡಿ ಸಾಹೇಬ್ರು ಎನ್ನುತ್ತಿದ್ದರು. ನಾಯಿಗೆ ಚಿಕ್ಕ ಸಾಹೇಬ್ರು ಎಂಬ ಹೆಸರು ತಾನಾಗಿ ಬಿತ್ತು.

ಬೀಗಲ್ ಸಾಕುವುದೆಂದರೆ ಏನೆಂದು ಸಾಕದವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಅದು ನೋಡಲು ಚೆಲುವೋ ಚೆಲುವು: ಕಂದು, ಕಪ್ಪು, ಬಿಳುಪುಗಳನ್ನು ಅಳೆದು ಹಚ್ಚಿದ ಮೈ, ನೆಲ ಗುಡಿಸುವಷ್ಟು ಉದ್ದದ ಕಿವಿ, ಬಾಲದ ತುದಿಗೊಂದು ಬಿಳಿ ಕುಚ್ಚು. ಕಣ್ಣುಗಳೋ, ಹುಟ್ಟಿದಂದಿನಿಂದ ಒಂದು ತುತ್ತೂ ಕಂಡಿಲ್ಲವೆಂದು ಸಾಕ್ಷಿ ಹೇಳುವ ಕಣ್ಣುಗಳು. ಆ ಕಣ್ಣಿಗೆ ಮರುಳಾದಿರೋ, ಕೆಟ್ಟಿರಿ. ಮೂಗು ನೆಲಕ್ಕೆ ತಗುಲಿದ ಕ್ಷಣದಿಂದ ಅದಕ್ಕೆ ಕಿವಿ ಕೇಳಿಸುವುದಿಲ್ಲ. ನೀವು ಹೆಸರು ಹಿಡಿದು ಕೂಗಿ ಗಂಟಲು ಹರಿದುಕೊಂಡರೂ ಅದು ನಾಲ್ಕು ದಿನದ ಹಿಂದೆ ಯಾರೋ ಬೀಳಿಸಿದ ಬಿಸ್ಕತ್ತಿನ ಜಾಡು ಹಿಡಿದು ಹೋಗುತ್ತಲೇ ಇರುತ್ತದೆ. ಫ್ರಿಜ್ಜಿನ ಬಾಗಿಲು ತೆಗೆಯಲು ಕಲಿತದ್ದು ಮನೆಗೆ ಬಂದ ಎರಡನೆಯ ವಾರ. ಭಾವನವರು ಬಾಗಿಲಿಗೆ ಕೊಂಡಿ ಹಾಕಿಸಿದರು. ಅಂದು ಊಟ ಐದು ನಿಮಿಷ ತಡವಾಯಿತೆಂದು ಅದು ಮೂತಿಯನ್ನು ಆಕಾಶಕ್ಕೆತ್ತಿ ಎಳೆದ ಊಳಿಗೆ ಎದುರುಮನೆಯ ತೊಟ್ಟಿಲ ಕೂಸು ಎದ್ದು ಜೊತೆಗೂಡಿತು. ಒಮ್ಮೆ ಇಡೀ ಬ್ರೆಡ್ಡನ್ನು ಕಾಗದ ಸಮೇತ ನುಂಗಿ, ಹತ್ತು ನಿಮಿಷಕ್ಕೆಲ್ಲ ಊಟದ ತಟ್ಟೆಯನ್ನು ಬಾಯಲ್ಲಿ ಕಚ್ಚಿ ತಂದು ಭಾವನವರ ಪಾದದ ಮೇಲೆ ಹಾಕಿತು. "ನಾಚಿಕೆ ಅನ್ನೋದು ಒಂದು ಗ್ರಾಂ ಇಲ್ವಲ್ಲೋ ನಿನಗೆ!" ಎಂದು ಅವರು ಅದರ ಮುಖಕ್ಕೆ ಮುಖ ಕೊಟ್ಟು ಪಿಸುಗುಟ್ಟಿದರೆ ಅದು ಅವರ ಮೂಗು ನೆಕ್ಕಿತು.

ಹೀಗಾಗಿ ಅದರ ಆಹಾರಕ್ಕೆ ಭಾವನವರು ಸಾಮಾನ್ಯ ಲೋಟದ ಅಳತೆಯನ್ನು ಒಪ್ಪಲಿಲ್ಲ. ಬೆಳಿಗ್ಗೆ ನೂರು ಗ್ರಾಂ, ಸಂಜೆ ನೂರು ಗ್ರಾಂ ಒಣ ಆಹಾರವೆಂದು ಪಶುವೈದ್ಯೆ ಗೊತ್ತುಮಾಡಿದ್ದರು. ಕಾಣಿಕೆಯ ತಕ್ಕಡಿ ಅಂದೇ ಶೋಕೇಸಿನಿಂದ ಇಳಿದು ಊಟದ ಮೇಜಿನ ಮೂಲೆ ಸೇರಿತು. ಸರ್ಕಾರಿ ಮೊಹರಿನ ನೂರು ಗ್ರಾಂ ಬಟ್ಟು ಬಲತಟ್ಟೆಯಲ್ಲಿ, ಆಹಾರ ಎಡತಟ್ಟೆಯಲ್ಲಿ. ಬಟ್ಟು ಇಟ್ಟ ಮೇಲೆಯೇ ದಂಡಿಗೆಯ ದಾರ ಬಿಚ್ಚಿದ್ದು. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಅವರು ಒಂದೊಂದೇ ಕಾಳನ್ನು ಬೆರಳತುದಿಯಿಂದ ಹಾಕುತ್ತಿದ್ದರು, ಹೆಚ್ಚಾದ ಒಂದೇ ಕಾಳನ್ನು ತೆಗೆದು ಡಬ್ಬಕ್ಕೆ ಮರಳಿಸುತ್ತಿದ್ದರು. ಆ ಒಂದು ಕಾಳು ಹಿಂದಕ್ಕೆ ಹೋಗುವುದನ್ನು ನಾಯಿ ನೋಡುತ್ತಿದ್ದ ನೋಟವಿದೆಯಲ್ಲ, ಕಲ್ಲೂ ಕರಗಬೇಕು. ಭಾವನವರು ಕರಗಲಿಲ್ಲ. ಅಳತೆ ಬದಲಾಗದ್ದರಿಂದ ಬಟ್ಟನ್ನು ತಟ್ಟೆಯಿಂದ ಇಳಿಸುವ ಪ್ರಮೇಯವೂ ಬರಲಿಲ್ಲ. ಅದು ಹಗಲಿರುಳು ಅಲ್ಲೇ ಕೂತಿರುತ್ತಿತ್ತು.

ನಾಯಿ ಮಾತ್ರ ದಪ್ಪಗಾಯಿತು. ಹನ್ನೆರಡೂವರೆ ಕಿಲೋ ಇದ್ದದ್ದು ಹದಿನಾಲ್ಕಾಯಿತು, ಹದಿನಾರೂವರೆಯಾಯಿತು, ನಡುವೆಂಬುದು ಮಾಯವಾಗಿ ನಾಲ್ಕು ಕಾಲಿನ ದಿಂಬಿನಂತಾಯಿತು. ಪಶುವೈದ್ಯೆ ನೇರ ಮಾತಿನ ಹೆಂಗಸು. "ಸಾರ್, ಇವುಗಳ ಬೆನ್ನು ಉದ್ದ, ಮೂಳೆಗಳ ಮಧ್ಯೆ ಇರೋ ಬಿಲ್ಲೆಗಳು ಸೂಕ್ಷ್ಮ. ಹೀಗೇ ತೂಕ ಏರ್ತಾ ಹೋದ್ರೆ ಒಂದಿನ ಹಿಂಗಾಲು ಬಿದ್ದೋಗುತ್ತೆ. ಈ ಕೊಬ್ಬಿಟ್ಕೊಂಡು ಆಪರೇಷನ್ನಿಗೆ ಅರಿವಳಿಕೆ ಕೊಡೋಕೂ ನನಗೆ ಧೈರ್ಯ ಇಲ್ಲ. ಯಾರೋ ಜಾಸ್ತಿ ಹಾಕ್ತಿದ್ದೀರ" ಎಂದರು.

ಜಾಸ್ತಿ! ಭಾವನವರ ಮನೆಯಲ್ಲಿ! ಅವರ ದನಿ ಆ ದಿನ ಕೇಳಿಸದಷ್ಟು ಇಳಿದುಹೋಗಿತ್ತಂತೆ. ಮಾರನೆಯ ಬೆಳಿಗ್ಗೆ ಹಳೆಯ ಆಫೀಸಿನಿಂದ ಐದೈದು ಕಿಲೋದ ಎರಡು ಬಟ್ಟುಗಳನ್ನು ಎರವಲು ತಂದು, ನನ್ನ ಕೈಗೊಂದು ಕೊಟ್ಟು, ಆಸ್ಪತ್ರೆಗೆ ನಡೆದರು. ಬೆಕ್ಕು, ಮೊಲ, ಗಿಳಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಜನರ ನಡುವೆ ಪಶುವೈದ್ಯೆಯ ತೂಕದ ಯಂತ್ರದ ಮುಂದೆ ಮಂಡಿಯೂರಿ, "ಮೊದ್ಲು ಖಾಲಿ ತೋರ್ಸಿ" ಎಂದರು. ಖಾಲಿ ಯಂತ್ರ ಸೊನ್ನೆ ತೋರಿಸಿತು. ಐದು ಇಟ್ಟರೆ ಐದು, ಹತ್ತು ಇಟ್ಟರೆ ಹತ್ತು. ಯಂತ್ರ ಚಿನ್ನದಂತಿತ್ತು. ಅಷ್ಟು ನಿರಾಶೆಯಿಂದ ಒಂದು ತಕ್ಕಡಿಗೆ ಅವರು ಎಂದೂ ಶಹಭಾಸ್ ಹೇಳಿರಲಾರರು. ನನಗೋ ಅವಮಾನದಿಂದ ನೆಲ ಬಿರಿದರೆ ಸಾಕೆನಿಸಿತ್ತು. ಪಶುವೈದ್ಯೆ ಮುಖ ತಿರುಗಿಸಿಕೊಂಡು ಗಿಳಿಯ ರೆಕ್ಕೆ ನೋಡುತ್ತಿದ್ದರು.

ಯಂತ್ರ ಸರಿ ಎಂದಾದ ಮೇಲೆ ಉಳಿದದ್ದು ಮನುಷ್ಯರು. ಬೀದಿ ತಿರುವಿನ ಬೇಕರಿಯವನ ಮೇಲೆ ಮೊದಲ ಕಣ್ಣು ಬಿತ್ತು. ನಾಯಿ ದಿನವೂ ಅವನ ಮೆಟ್ಟಿಲ ಬಳಿ ತಡೆದು ನಿಲ್ಲುತ್ತಿದ್ದುದೇ ಸಾಕ್ಷಿ. "ನನ್ನ ನಾಯಿ ಹೊಟ್ಟೆಗೆ ನೀನು ಏನು ಹಾಕ್ತಿದ್ದೀಯ?" ಎಂದು ಭಾವನವರು ನಾಲ್ಕು ಜನರೆದುರು ಪಿಸುಗುಟ್ಟಿದರು. ಬೇಕರಿಯವನು ಒಳ್ಳೆಯವನು, ಕಣ್ಣಲ್ಲಿ ನೀರು ತಂದುಕೊಂಡ. "ಸಾಹೇಬ್ರೇ, ಅದು ಬೇಡಿದಾಗೆಲ್ಲ ನನ್ನ ಕರುಳು ಚುರುಕ್ ಅನ್ನುತ್ತೆ. ಆದ್ರೂ ನಿಮ್ಮ ಮಾತಿಗೆ ಹೆದರಿ ಒಂದು ಚೂರು ಹಾಕಿಲ್ಲ. ಬೇಕಾದ್ರೆ ನನ್ನ ಮಕ್ಕಳ ಮೇಲೆ ಆಣೆ" ಎಂದ. ಭಾವನವರು ಆಣೆಗಳನ್ನು ನಂಬುವವರಲ್ಲ. ಮಾರನೆಯ ದಿನದಿಂದ ನಾಯಿಯನ್ನು ಬೇರೆ ಬೀದಿಯಲ್ಲಿ ನಡೆಸಿದರು. ಹದಿನೈದು ದಿನಕ್ಕೆ ಅದು ಮತ್ತೆ ಕಾಲು ಕಿಲೋ ಏರಿತು.

ಆಗ ಅವರು ಮಾಡಿದ ಕೆಲಸವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಭಾನುವಾರ ನನಗೆ ಕರೆ ಬಂತು. ಹೋಗಿ ನೋಡುತ್ತೇನೆ, ಊಟದ ಮೇಜಿನ ಒಂದು ಕಡೆ ಕೋಟು ಹಾಕಿಕೊಂಡು ಭಾವ, ಇನ್ನೊಂದು ಕಡೆ ಸೆರಗಿನಲ್ಲಿ ಕೈ ಒರೆಸುತ್ತ ಅಕ್ಕ, ನಡುವೆ ಆ ತಕ್ಕಡಿ, ಕೆಳಗೆ ನಾಯಿ. ನನಗೊಂದು ಕುರ್ಚಿ ಹಾಕಿತ್ತು. ಸಾಕ್ಷಿಯ ಕುರ್ಚಿ!

"ನೋಡಯ್ಯ, ಮನೇಲಿ ಇರೋರು ಇಬ್ರು. ನಾನು ಹಾಕಿಲ್ಲ. ನಿಮ್ಮಕ್ಕ ಹಾಕಿಲ್ಲ ಅಂತಾಳೆ. ನೀನೇ ಕೇಳು" ಎಂದರು ಭಾವ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಅವನ ಕೈಲಿ ಯಾಕೆ ಕೇಳಿಸ್ತೀರಿ? ನಲವತ್ತು ವರ್ಷ ಈ ಮನೇಲಿ ಉಪ್ಪು, ಎಣ್ಣೆ, ಸಕ್ಕರೆ ಎಲ್ಲಾ ನಿಮ್ಮ ಅಳತೆ ಪ್ರಕಾರನೇ ಹಾಕಿದೀನಿ. ಒಂದಿನ ನಿಮಗೆ ಮೋಸ ಮಾಡಿದೀನಾ? ಒಂದು ನಾಯಿ ವಿಷಯಕ್ಕೆ ನಾನು ಕಳ್ಳಿ ಆದ್ನಾ?" ಎಂದಳು. ಸೊಂಟದಿಂದ ಅಡುಗೆಮನೆಯ ಕೀಲಿಗೊಂಚಲು ತೆಗೆದು ತಕ್ಕಡಿಯ ಪಕ್ಕ ಇಟ್ಟಳು. "ಇನ್ಮೇಲೆ ಬಾಗಿಲು ನೀವೇ ತೆಗೀರಿ, ನೀವೇ ಹಾಕಿ. ನಾನು ಒಳಗೆ ಹೋಗುವಾಗ್ಲೂ ಬರುವಾಗ್ಲೂ ಕೈ ತೋರ್ಸಿ ಬರ್ತೀನಿ."

ನನಗೂ ರೇಗಿತ್ತು. "ಭಾವ, ಇದು ಅತಿಯಾಯ್ತು" ಎಂದೆ. ನೀವು ನಂಬುವುದಿಲ್ಲ, ಅವರು ಕೀಲಿ ತೆಗೆದುಕೊಂಡರು! ಬಲಜೇಬಿನಲ್ಲಿ, ಅವಳೇ ಹೊಲಿದ ಜೇಬಿನಲ್ಲಿ ಹಾಕಿಕೊಂಡರು. ಅಂದಿನಿಂದ ಅಕ್ಕ ಗಂಡನೊಡನೆ ಮಾತು ಬಿಟ್ಟಳು. ಅಡುಗೆ ಮಾಡಿದಳು, ಬಡಿಸಿದಳು, ಹೊರಬರುವಾಗ ಎರಡೂ ಅಂಗೈಗಳನ್ನು ಅವರ ಮುಖದ ಮುಂದೆ ತೆರೆದು ತೋರಿಸಿದಳು. ಈ ಮನುಷ್ಯ ಆ ಅಂಗೈಗಳನ್ನು ನೋಡಿದ್ದೂ ಉಂಟು.

ಹನ್ನೆರಡನೆಯ ದಿನ ಬೆಳಿಗ್ಗೆ, ಮನೆಯ ಮುಂದಿನ ಮೂರು ಮೆಟ್ಟಿಲುಗಳ ನಡುವಿನದರಲ್ಲಿ ನಾಯಿಯ ಹಿಂಗಾಲುಗಳು ಕುಸಿದವು. ಅದು ಊಳಿಡಲಿಲ್ಲ. ಊಟ ಐದು ನಿಮಿಷ ತಡವಾದರೆ ಬೀದಿ ಎಬ್ಬಿಸುತ್ತಿದ್ದ ಪ್ರಾಣಿ, ಮುಂಗಾಲುಗಳ ಮೇಲೆ ಮೈ ಎಳೆದುಕೊಂಡು, ಸುಮ್ಮನೆ ಭಾವನವರ ಮುಖ ನೋಡಿತು. ಹದಿನೇಳು ಕಿಲೋ ಇನ್ನೂರು ಗ್ರಾಮಿನ ಆ ಭಾರವನ್ನು ಎತ್ತಿಕೊಂಡು ಅವರು ಆಸ್ಪತ್ರೆಯವರೆಗೆ ನಡೆದೇ ಹೋದರಂತೆ. ಆಟೋ ಕೂಗಲು ದನಿಯೇ ಹೊರಡಲಿಲ್ಲವಂತೆ. ಪಶುವೈದ್ಯೆ ಸೂಜಿ ಚುಚ್ಚಿ, ಔಷಧಿ ಬರೆದು, "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ ಸಾರ್. ಮನೇಲಿ ಯಾರು ಅಂತ ಕಂಡುಹಿಡೀರಿ" ಎಂದಷ್ಟೇ ಹೇಳಿ ಕಳುಹಿಸಿದರು.

ಸುದ್ದಿ ಕೇಳಿ ನಾನು ಓಡಿಹೋದಾಗ ನಾಯಿಯನ್ನು ಹಳೆಯ ಕಂಬಳಿಯ ಮೇಲೆ ಮಲಗಿಸಿದ್ದರು. ಔಷಧಿಯನ್ನು ಆಹಾರದೊಂದಿಗೆ ಕೊಡಬೇಕಿತ್ತು. ಭಾವನವರು ತಕ್ಕಡಿಯ ಮುಂದೆ ಕೂತು, ಒಂದೊಂದೇ ಕಾಳು ಹಾಕುತ್ತಿದ್ದರು, ಆಗಲೂ! ಮುಳ್ಳು ನೆಟ್ಟಗಾಯಿತು. ಹೆಚ್ಚಾದ ಒಂದು ಕಾಳನ್ನು ಎತ್ತಿ ಹಿಂದಕ್ಕಿಟ್ಟರು. ಬಾಗಿಲ ಬಳಿ ನಿಂತು ಇದನ್ನೇ ನೋಡುತ್ತಿದ್ದ ಅಕ್ಕ ಹನ್ನೆರಡು ದಿನದ ಮೌನ ಮುರಿದಳು.

"ರೀ, ಮೊದ್ಲು ಖಾಲಿ ತಕ್ಕಡಿ ತೋರ್ಸಿ."

ಭಾವನವರು ತಲೆಯೆತ್ತಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಕೆರಳಿಕೆಯೇ, ಸುಳ್ಳು ಹೇಳಲಾರೆ. ನನ್ನನ್ನು? ಈ ಮಾತು ನನಗೆ? ಆದರೆ ಆ ವಾಕ್ಯಕ್ಕೆ ಎದುರು ಮಾತಿಲ್ಲವೆಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರು? ಎಡತಟ್ಟೆಯ ಆಹಾರವನ್ನು ಬಗ್ಗಿಸಿದರು. ಬಲತಟ್ಟೆಯ ಬಟ್ಟನ್ನು, ಮೂರು ವರ್ಷದಲ್ಲಿ ಮೊದಲ ಸಲ, ಎತ್ತಿದರು.

ಬಲತಟ್ಟೆ ಮೇಲೇಳಲಿಲ್ಲ. ಖಾಲಿ ತಟ್ಟೆ, ಪೀಠಕ್ಕೆ ಹೊಟ್ಟೆ ಒತ್ತಿ ಕೂತೇ ಇತ್ತು. ಅದರ ಅಂಚಿನಲ್ಲಿ ನಿಂಬೆಸಿಪ್ಪೆಯ ಹೊಳಪಿನ ಫಲಕ ಎದ್ದು ಕಾಣುತ್ತಿತ್ತು: ಗುಲಗಂಜಿಯಷ್ಟೂ ವಾಲದವರಿಗೆ.

ಭಾವನವರು ಕೋಟಿನ ಜೇಬಿನಿಂದ ಮಖಮಲ್ಲಿನ ಡಬ್ಬಿ ತೆಗೆದು ಎಡತಟ್ಟೆಗೆ ಇಪ್ಪತ್ತರ ಬಟ್ಟು ಹಾಕಿದರು, ಹತ್ತರದು ಹಾಕಿದರು, ಎರಡರದು ಹಾಕಿದರು. ಮುಳ್ಳು ನೆಟ್ಟಗೆ ನಿಂತಿತು. ಫಲಕದ ಭಾರ ಮೂವತ್ತೆರಡು ಗ್ರಾಂ. ಹೊತ್ತಿಗೆ ಮೂವತ್ತೆರಡು ಗ್ರಾಂ, ದಿನಕ್ಕೆ ಎರಡು ಹೊತ್ತು, ಮೂರು ವರ್ಷ. ತಟ್ಟೆಯ ಅಡಿಗೆ ಅಂಟಿಸಿದ ಮೇಣ, ಸರಪಳಿಗೆ ಸುತ್ತಿದ ತಂತಿ, ದಂಡಿಗೆಯೊಳಗೆ ಅಡಗಿಸಿದ ಸೀಸ, ಇಂಥ ನೂರು ಕಳ್ಳತನಗಳನ್ನು ಕತ್ತಲಲ್ಲಿ ಬೆರಳಾಡಿಸಿ ಹಿಡಿದಿದ್ದ ಮನುಷ್ಯ, ವಾರವಾರ ತಾನೇ ತಿಕ್ಕಿ ತಿಕ್ಕಿ ಬೆಳಗಿದ ಹಿತ್ತಾಳೆಗೂ ಭಾರವಿದೆಯೆಂದು ಒಮ್ಮೆಯೂ ನೆನೆಯಲಿಲ್ಲ.

"ಬೇಕಂತ್ಲೇ ಮಾಡಿದಾರೆ. ಆ ವರ್ತಕರು, ಸೇಡು ತೀರಿಸ್ಕೊಂಡಿದಾರೆ" ಎಂದು ಪಿಸುಗುಟ್ಟಿದರು.

"ಅವರು ಶೋಕೇಸಿಗೆ ಅಂತ ಕೊಟ್ಟಿದ್ರು. ತೂಗೋಕೆ ಇಳಿಸಿದ್ದು ನೀವು" ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು, ಆದರೆ ದನಿ ತೂಗಿದಂತಿತ್ತು. "ನನ್ನ ಕೈ ನೋಡಿದ್ರಿ. ಬೇಕರಿಯವನ ಕೈ ನೋಡಿದ್ರಿ. ಆ ಡಾಕ್ಟ್ರಮ್ಮನ ಯಂತ್ರ ನೋಡಿದ್ರಿ. ಇದನ್ಯಾಕೆ ನೋಡ್ಲಿಲ್ಲ?"

ಸಂಜೆಯ ಹೊತ್ತಿಗೆ ಭಾವನವರು ಅರ ಹಿಡಿದು, ಉಜ್ಜಿ ಉಜ್ಜಿ, ಫಲಕದ ಮೊಳೆಗಳನ್ನು ಕಡಿದರು. ಮಾರನೆಯ ಬೆಳಿಗ್ಗೆ ಬೇಕರಿಗೆ ಹೋದವರು, ಜನರಿದ್ದ ಹೊತ್ತನ್ನೇ ನೋಡಿಕೊಂಡು, "ತಪ್ಪು ನನ್ದು! ನಿನ್ದಲ್ಲ, ನನ್ದು!" ಎಂದು ಕೂಗಿದರಂತೆ. ಬೀದಿಯವರು ಅವರ ಪೂರ್ತಿ ದನಿ ಕೇಳಿದ್ದು ಅದೇ ಮೊದಲು. ತನ್ನ ಮೇಲೆ ತನಗೇ ಬಂದ ಸಿಟ್ಟು ಪಿಸುಮಾತಿಗೆ ಹಿಡಿಸಲಿಲ್ಲವೇನೋ. ಅಕ್ಕನ ಮುಂದೆ ಮಾತ್ರ ತಪ್ಪು ನನ್ದು ಎಂಬ ಎರಡು ಪದ ಬಾಯಿಗೆ ಬರಲಿಲ್ಲ. ಕೀಲಿಗೊಂಚಲು ಮುಂದೆ ಹಿಡಿದು ನಿಂತರು. ಅವಳು ತೆಗೆದುಕೊಳ್ಳಲಿಲ್ಲ. ಅವಳನ್ನು ಅನುಮಾನಿಸಿದಷ್ಟೇ ದಿನ, ಲೆಕ್ಕವಾಗಿ ಹನ್ನೆರಡು ದಿನ, ಅಡುಗೆಮನೆಯ ಬಾಗಿಲನ್ನು ಅವರೇ ತೆಗೆದು ಅವರೇ ಹಾಕುವಂತೆ ಮಾಡಿದಳು. ಅದು ನ್ಯಾಯವೆಂದೇ ನನ್ನ ತೀರ್ಮಾನ.

ನಾಯಿ ಐದು ತಿಂಗಳಿಗೆ ಹದಿಮೂರು ಕಿಲೋಗೆ ಇಳಿಯಿತು. ಎದ್ದಿತು, ನಡೆಯಿತು, ಫ್ರಿಜ್ಜಿನ ಕೊಂಡಿಯನ್ನೂ ತೆಗೆಯಲು ಕಲಿತು ಮನೆಯವರ ಮಾನ ಮತ್ತೆ ಕಳೆಯಿತು. ಆದರೆ ಬಲ ಹಿಂಗಾಲು ಪೂರ್ತಿ ಸರಿಹೋಗಲಿಲ್ಲ, ಹೋಗುವುದೂ ಇಲ್ಲವಂತೆ. ಈಗ ಬೆಳಿಗ್ಗೆ ಇಬ್ಬರು ಸಾಹೇಬರೂ ಬೀದಿಯಲ್ಲಿ ಬರುತ್ತಿದ್ದರೆ ಇಬ್ಬರೂ ಬಲಕ್ಕೆ ವಾಲಿಕೊಂಡೇ ಬರುತ್ತಾರೆ. ಬೇಕರಿಯವನು ನಗುವುದಿಲ್ಲ. ಭಾವನವರು ಈಗಲೂ ಅಂಗಡಿಗಳಲ್ಲಿ ಖಾಲಿ ತಕ್ಕಡಿ ತೋರಿಸು ಎನ್ನುತ್ತಾರೆ. ಎಂದ ಮೇಲೆ ಒಂದು ಗಳಿಗೆ ಕೆಳಗೆ ನಾಯಿಯ ಕಡೆ ನೋಡುತ್ತಾರೆ.

ಇಂಥವರನ್ನು ನಾನು ಬಾಳಿನಲ್ಲಿ ಹಲವರನ್ನು ಕಂಡಿದ್ದೇನೆ. ಸುಳ್ಳರಲ್ಲ, ಲಂಚಕೋರರಲ್ಲ, ಒಂದು ಕಾಳು ಹೆಚ್ಚಾದರೂ ತೆಗೆದು ಹಿಂದಕ್ಕಿಡುವವರು. ಅದಕ್ಕೇ ಅವರ ಮೇಲೆ ನನಗೆ ಇಷ್ಟು ಸಿಟ್ಟು. ಕಳ್ಳ ವರ್ತಕನಿಗೆ ತನ್ನ ತಕ್ಕಡಿ ಎಷ್ಟು ವಾಲುತ್ತದೆಂದು ಗೊತ್ತಿರುತ್ತದೆ, ಇವರಿಗೆ ಗೊತ್ತಿರುವುದಿಲ್ಲ. ಊರು ಎಂದೋ ಮೆಚ್ಚಿ ಆಡಿದ ಎರಡು ಮಾತನ್ನು ತಟ್ಟೆಗೆ ಬಿಗಿದುಕೊಂಡು, ಆ ತಟ್ಟೆಯಿಂದಲೇ ಎಲ್ಲರನ್ನೂ ಜೀವಮಾನವಿಡೀ ತೂಗುತ್ತಾರೆ. ಅವರ ತೂಕದಲ್ಲಿ ಹೆಚ್ಚಾಗಿ ಬಿದ್ದದ್ದು ಅವರ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅದನ್ನು ಮನೆಯೊಳಗಿನ ಯಾವುದೋ ಬಾಯಿಲ್ಲದ ಬೆನ್ನು ಹೊರುತ್ತಿರುತ್ತದೆ, ಕುಸಿಯುವ ದಿನದವರೆಗೆ.